ಅಂಜುತ್ತ ಕತ್ತರಿಸಿದ ಉಕ್ಕು

ಇಂಜಿನಿಯರಿಂಗ್ ಓದುವಾಗ ಮರ್ಚೆಂಟ್ ವೃತ್ತವನ್ನು ನನ್ನಷ್ಟು ಚೆಂದ ಬರೆಯುವವರು ನಮ್ಮ ಕ್ಲಾಸಿನಲ್ಲಿ ಇರಲಿಲ್ಲ. ಲೋಹ ಕತ್ತರಿಸುವಾಗ ಟೂಲಿನ ತುದಿಯಲ್ಲಿ ಹುಟ್ಟುವ ಬಲಗಳನ್ನೆಲ್ಲ ಒಂದೇ ವೃತ್ತದೊಳಗೆ ಕೂರಿಸುವ ಚಿತ್ರ ಅದು. ಅಮೆರಿಕದ ಯೂಜೀನ್ ಮರ್ಚೆಂಟ್ 1940ರ ದಶಕದಲ್ಲಿ ಕೊಟ್ಟದ್ದು. ಶಿಯರ್ ಪ್ಲೇನಿಗೆ ಕೆಂಪು ಪೆನ್ಸಿಲ್, ರೇಕ್ ಆಂಗಲ್ಲಿಗೆ ಹಸಿರು ಪೆನ್ಸಿಲ್ ಬಳಸಿ ಬರೆದಿದ್ದೆ. ಪೂರ್ತಿ ಅಂಕ ಬಂತು. ಆದರೆ ಯಾವ ಪರೀಕ್ಷೆಯಲ್ಲೂ ಯಾರೂ ನನ್ನ ಕೈಗೆ ಒಂದು ಚಿಪ್, ಅಂದರೆ ಕತ್ತರಿಸುವಾಗ ಕಳಚಿ ಬರುವ ಲೋಹದ ಸಿಪ್ಪೆ, ಕೊಟ್ಟು, ಇದನ್ನು ನೋಡಿ ಟೂಲಿನ ತುದಿಯಲ್ಲಿ ಏನು ನಡೆದಿದೆ ಹೇಳಪ್ಪ ಅಂತ ಕೇಳಲಿಲ್ಲ. ಕೇಳಿದ್ದರೆ, ಮುಂದೆ ಪೀಣ್ಯದಲ್ಲಿ ಆದ ಮಾನಹಾನಿ ಕಾಲೇಜಿನಲ್ಲೇ, ಕಡಿಮೆ ಖರ್ಚಿನಲ್ಲಿ ಮುಗಿದುಹೋಗುತ್ತಿತ್ತು.

ಒಂದು ಕಂಪನಿಯ ಪ್ಲಾನಿಂಗ್ ವಿಭಾಗದಲ್ಲಿ ಕೆಲವು ವರ್ಷ ಕೂತು, ಬೇರೆಯವರ ತಪ್ಪುಗಳನ್ನು ಎಕ್ಸೆಲ್ ಶೀಟಿನಲ್ಲಿ ತುಂಬಿ ಬೇಜಾರಾದ ಮೇಲೆ ಸಾಲ ಮಾಡಿ ಸ್ವಂತ ಶೆಡ್ ಹಾಕಿದೆ. ಒಂದು ಸೆಕೆಂಡ್ ಹ್ಯಾಂಡ್ ಸಿಎನ್‌ಸಿ, ಪಕ್ಕದಲ್ಲಿ ಒಂದು ಹಳೆಯ ಎಚ್‌ಎಂಟಿ ಲೇತ್. ಪೀಣ್ಯದ ಮಟ್ಟಿಗೆ ಇದೇನೂ ಹೊಸ ಕಥೆಯಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಈ ಊರಿನಲ್ಲಿ ಲೇತ್ ಕಲಿತವರಿಗೆ ಬರವಿಲ್ಲ, ಲೇತ್ ನಂಬಿ ಸಾಲ ಮಾಡಿದವರಿಗೂ ಬರವಿಲ್ಲ. ಹಳೆಯ ಲೇತಿನ ಜೊತೆ ಒಬ್ಬ ಹಳೆಯ ಟರ್ನರ್ ಕೂಡ ಬಂದರು. ಹುಡುಗರಿಗೆಲ್ಲ ಅವರು ಅಣ್ಣ. ನಾನೂ ಹಾಗೇ ಕರೆಯುತ್ತಿದ್ದೆ. ವಯಸ್ಸಿನಲ್ಲಿ ನಾನು ಅವರ ಮಗನಂತಿದ್ದರೂ ಅವರಿಗೆ ನಾನು ಸಾರ್.

ಅಣ್ಣನ ಹತ್ತಿರ ಕೆಟಲಾಗ್ ಇರಲಿಲ್ಲ, ಬೆಂಚ್ ಗ್ರೈಂಡರ್ ಇತ್ತು. ಎಚ್‌ಎಸ್‌ಎಸ್ ಬಿಟ್ಟನ್ನು ಕಲ್ಲಿಗೆ ಹಿಡಿದು ಕಣ್ಣಳತೆಯಲ್ಲೇ ಕೋನ ಕೊಡುತ್ತಿದ್ದರು. ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್, ತಿರುಗಿಸಬೇಕಾದರೆ ಟೂಲಿನ ಮೇಲ್ಮೈಯನ್ನು ಹಿಂದಕ್ಕೆ ಇಳಿಜಾರು ಮಾಡಿ, ಕಲ್ಲಿನ ಮೂಲೆಯಿಂದ ಅಂಚಿನ ಹಿಂದೆ ಒಂದು ಸಣ್ಣ ಮೆಟ್ಟಿಲು ತೆಗೆಯುವರು. ಚಿಪ್ ಬಂದು ಅದಕ್ಕೆ ಬಡಿದು ಮುರಿಯಲಿ ಅಂತ. ಹಿತ್ತಾಳೆಗೆ ಅದೇ ಟೂಲಿನ ತಲೆಯನ್ನು ಚಪ್ಪಟೆ ಮಾಡಿಬಿಡುವರು. ಹಿತ್ತಾಳೆಯಲ್ಲಿ ಇಳಿಜಾರು ಹೆಚ್ಚಾದರೆ ಲೋಹವೇ ಟೂಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಜಾಬ್ ಹಾಳು. ಹಿತ್ತಾಳೆಗೆ ಹಾಕುವ ಡ್ರಿಲ್ಲಿನ ಅಂಚನ್ನು ಸಾಣೆಕಲ್ಲಿನಲ್ಲಿ ಒಂದೆರಡು ಸಲ ಉಜ್ಜಿ ಬೇಕೆಂದೇ ಚೂಪು ಮುರಿಯುವುದನ್ನು ಮೊದಲ ಸಲ ನೋಡಿದಾಗ, ಪಾಪ, ಇವರಿಗೆ ಕಣ್ಣು ಮಂಜಾಗಿದೆ ಅಂದುಕೊಂಡಿದ್ದೆ. ನನಗೆ ಆ ಇಳಿಜಾರಿನ, ಅಂದರೆ ರೇಕ್ ಆಂಗಲ್ಲಿನ, ವ್ಯಾಖ್ಯೆ ಗೊತ್ತಿತ್ತು, ಅವರಿಗೆ ಅದು ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಗೊತ್ತಿತ್ತು. ನಮ್ಮಿಬ್ಬರಲ್ಲಿ ವಿಸಿಟಿಂಗ್ ಕಾರ್ಡ್ ಇದ್ದವನು ನಾನು.

ಇನ್ನು ನನ್ನ ಟೇಬಲ್ಲಿನ ವಿಷಯ. ಅದರ ಮೇಲೆ ಪೆನ್ ಸ್ಟ್ಯಾಂಡಿನ ಪಕ್ಕ ಒಂದು ಉದ್ದನೆಯ ಸ್ಟೀಲ್ ಸುರುಳಿ ಇಟ್ಟಿದ್ದೆ. ನಮ್ಮ ಸಿಎನ್‌ಸಿಯಲ್ಲಿ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಬಂದ ಚಿಪ್ ಅದು. ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದೆ. ಪುಸ್ತಕದಲ್ಲಿ ಮೂರು ಬಗೆಯ ಚಿಪ್ ಹೇಳಿರುತ್ತಾರೆ: ತುಂಡು ತುಂಡಾಗಿ ಬರುವುದು, ಅಖಂಡವಾಗಿ ಬರುವುದು, ಟೂಲಿನ ತುದಿಗೆ ಲೋಹ ಅಂಟಿಕೊಂಡು ಒರಟಾಗಿ ಬರುವುದು. ಮೆತ್ತನೆಯ ಲೋಹ, ಒಳ್ಳೆಯ ಸ್ಪೀಡ್ ಇದ್ದಾಗ ಬರುವ ಅಖಂಡ ಚಿಪ್ಪಿನಿಂದ ನುಣುಪಾದ ಮೇಲ್ಮೈ ಸಿಗುತ್ತದೆ ಎಂಬ ಸಾಲಿಗೆ ಅಡಿಗೆರೆ ಹಾಕಿದ್ದೆ. ಸಾಲು ಸರಿಯಾಗಿಯೇ ಇತ್ತು. ಆದರೆ ಅದು ಚಿಪ್ ಹುಟ್ಟುವ ಬಗೆಯ ಮಾತು. ಹುಟ್ಟಿದ ಮೇಲೆ ಅದು ಎಲ್ಲಿಗೆ ಹೋಗಬೇಕು, ಎಷ್ಟು ಉದ್ದಕ್ಕೆ ಮುರಿಯಬೇಕು ಎನ್ನುವುದು ಬೇರೆಯದೇ ಪ್ರಶ್ನೆ. ಆ ಪ್ರಶ್ನೆ ಇದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಒಂದು ಆರ್ಡರ್ ಬಂತು. ಎಸ್‌ಎಸ್ 304 ಶಾಫ್ಟ್, 20 ಮಿ.ಮೀ. ವ್ಯಾಸ, 180 ಮಿ.ಮೀ. ಉದ್ದ, h7 ಟಾಲರೆನ್ಸ್. ಅಂದರೆ 20ಕ್ಕಿಂತ ಒಂದು ಕೂದಲೂ ಹೆಚ್ಚಿರಬಾರದು, ಕಡಿಮೆಯಾದರೆ 21 ಮೈಕ್ರಾನ್ ತನಕ ಪರವಾಗಿಲ್ಲ. ಫಿನಿಶ್, ಅಂದರೆ ಮೇಲ್ಮೈಯ ಸರಾಸರಿ ಒರಟು, 1.6 ಮೈಕ್ರಾನ್ ಆರ್‌ಎ. ಪೀಣ್ಯದಲ್ಲಿ ಇದನ್ನು ಕಷ್ಟದ ಜಾಬ್ ಅನ್ನುವವರು ಕಡಿಮೆ. ನನಗಂತೂ ದೊಡ್ಡ ಕಂಪನಿಯ ಮೊದಲ ಪಿ.ಓ. ಅದನ್ನು ಲ್ಯಾಮಿನೇಟ್ ಮಾಡಿಸುವುದೊಂದು ಬಾಕಿ.

304 ಒಳ್ಳೆಯ ಪಾತ್ರೆಪಡಗಗಳಿಗೆ ಬಳಸುವ ಸ್ಟೀಲ್. ಸುಮಾರು 18% ಕ್ರೋಮಿಯಂ, 8% ನಿಕ್ಕಲ್. ತುಕ್ಕು ಹಿಡಿಯುವುದಿಲ್ಲ, ನೋಡಲು ಲಕ್ಷಣ. ಸ್ವಭಾವ ಮಾತ್ರ ಮೊಂಡು. ಮಾಮೂಲಿ ಕಾರ್ಬನ್ ಸ್ಟೀಲ್ ಸಾಗಿಸುವ ಶಾಖದಲ್ಲಿ ಮೂರನೇ ಒಂದು ಪಾಲನ್ನಷ್ಟೇ ಇದು ಸಾಗಿಸುತ್ತದೆ; ಹಾಗಾಗಿ ಕತ್ತರಿಸುವಾಗ ಹುಟ್ಟಿದ ಬಿಸಿ ಟೂಲಿನ ತುದಿಯಲ್ಲೇ ಕೂರುತ್ತದೆ. ಇನ್ನೊಂದು ಗುಣ, ಕತ್ತರಿಸದೆ ಸುಮ್ಮನೆ ತಿಕ್ಕಿದರೆ ತಿಕ್ಕಿದ ಜಾಗ ಗಟ್ಟಿಯಾಗುತ್ತ ಹೋಗುತ್ತದೆ. ಎರಡೂ ನನ್ನ ನೋಟ್ಸಿನಲ್ಲಿ ಇದ್ದ ವಿಷಯಗಳೇ.

ಸಿಎನ್‌ಸಿಯಲ್ಲಿ ಆಗಲೇ ಕೂತಿದ್ದ ಇನ್ಸರ್ಟ್, ಅಂದರೆ ಹೋಲ್ಡರಿಗೆ ಸಿಕ್ಕಿಸುವ ಕಾರ್ಬೈಡ್ ತುಂಡು, ಸಿಎನ್‌ಎಂಜಿ 120408. ಕೊನೆಯ 08 ಅಂದರೆ ಮೂತಿಯ ದುಂಡು, ನೋಸ್ ರೇಡಿಯಸ್, 0.8 ಮಿ.ಮೀ. ಎರಡೂ ಮಗ್ಗುಲಲ್ಲಿ ಬಳಸಬಹುದು, ಒಟ್ಟು ನಾಲ್ಕು ಅಂಚು. ಅಣ್ಣ ಪಕ್ಕ ಬಂದು ನಿಂತು ನೋಡಿದರು.

"ಇದು ದಪ್ಪ ಮೂತಿದು ಸಾರ್, ರಫಿಂಗಿಗೆ ಸರಿ. ಈ ಶಾಫ್ಟು ಉದ್ದ ಐತೆ, ದೂಡುತ್ತೆ. ಸಣ್ಣ ಮೂತಿದು, ಕೆಳಗಡೆ ಇಳಿಜಾರು ಇರ್ತದಲ್ಲ, ಅದನ್ನ ತರಿಸಿ."

ಅವರು ಹೇಳಿದ್ದು ಡಿಸಿಎಂಟಿ 11ಟಿ304ರಂಥ ಇನ್ಸರ್ಟ್. ಮೂತಿ 0.4, ಅಡಿಯಲ್ಲಿ 7 ಡಿಗ್ರಿ ಕ್ಲಿಯರೆನ್ಸ್, ಅಂಚು ಎರಡೇ. ಹೆಚ್ಚು ಕಡಿಮೆ ಅದೇ ದುಡ್ಡಿಗೆ ಅರ್ಧ ಅಂಚು! ಹೋಲ್ಡರ್ ಬೇರೆ ಹೊಸದು ಕೊಳ್ಳಬೇಕು. ನಾನು ಕ್ಯಾಲ್ಕುಲೇಟರ್ ತೆಗೆದು ಅವರಿಗೆ ಪಾಠ ಮಾಡಿದೆ. ಫೀಡಿನ, ಅಂದರೆ ಜಾಬಿನ ಒಂದು ಸುತ್ತಿಗೆ ಟೂಲು ಸರಿಯುವ ದೂರದ, ವರ್ಗವನ್ನು ನೋಸ್ ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಿದರೆ ಮೇಲ್ಮೈಯಲ್ಲಿ ಉಳಿಯುವ ಏರುತಗ್ಗಿನ ಎತ್ತರ ಸಿಗುತ್ತದೆ. ಫೀಡ್ 0.1, ರೇಡಿಯಸ್ 0.8 ಇದ್ದರೆ ಎರಡು ಮೈಕ್ರಾನಿಗೂ ಕಡಿಮೆ. ಮೂತಿ ದಪ್ಪವಿದ್ದಷ್ಟೂ ನುಣುಪು ಅಣ್ಣ, ಲೆಕ್ಕ ಹೇಳುತ್ತೆ, ಅಂದೆ. ಅಣ್ಣ ಲೆಕ್ಕದ ಹಾಳೆ ನೋಡಿದರು, ನನ್ನ ಮುಖ ನೋಡಿದರು, "ಆಯ್ತು ಸಾರ್" ಅಂದು ತಮ್ಮ ಲೇತಿಗೆ ಹೋದರು. ಆ "ಆಯ್ತು ಸಾರ್"ಗೆ ಎಷ್ಟು ಅರ್ಥಗಳಿವೆ ಅಂತ ಮಾಲೀಕನಾದವನಿಗೆ ಬಹಳ ತಡವಾಗಿ ತಿಳಿಯುತ್ತದೆ.

ಮೊದಲ ಶಾಫ್ಟಿನ ಮೇಲೆ ಸಣ್ಣ ಅಲೆಗಳು ಕಂಡವು. ಒಂದು ಬಗೆಯ ಕೀರಲು ಸದ್ದು. ಬಾರನ್ನು ಮೊದಲು 20.4ಕ್ಕೆ ತಂದು, ಕೊನೆಯ ಪಾಸಿಗೆ ಮಗ್ಗುಲಿಗೆ 0.2 ಮಾತ್ರ ಉಳಿಸಿದ್ದೆ. ನಾಜೂಕಿನ ಕೆಲಸ, ನಾಜೂಕಾಗಿಯೇ ತೆಗೆಯೋಣ ಅಂತ. ಅಲೆ ಕಂಡೊಡನೆ ನನಗೆ ತೋಚಿದ್ದು ಇನ್ನಷ್ಟು ನಾಜೂಕು. ಫೀಡ್ 0.05ಕ್ಕೆ ಇಳಿಸಿದೆ. ಲೆಕ್ಕದ ಪ್ರಕಾರ ಏರುತಗ್ಗು ನಾಲ್ಕನೇ ಒಂದಾಗಬೇಕು, 0.4 ಮೈಕ್ರಾನ್, ಕನ್ನಡಿಯೇ ಸೈ. ಮೇಲ್ಮೈ ಇನ್ನೂ ಕೆಟ್ಟಿತು. ಸ್ಪೀಡ್ ಹೆಚ್ಚಾಯಿತೇನೋ ಅಂತ 600 ಆರ್‌ಪಿಎಂಗೆ ಇಳಿಸಿದೆ. ಈಗ ಜಾಬಿನ ಮೇಲೆ ಅಲ್ಲಲ್ಲಿ ಕಿತ್ತು ಬಂದಂಥ ಗುರುತು. ಆ ವ್ಯಾಸಕ್ಕೆ 600 ಅಂದರೆ ನಿಮಿಷಕ್ಕೆ 38 ಮೀಟರ್. ಕಾರ್ಬೈಡ್ ಇಟ್ಟುಕೊಂಡು ಆ ವೇಗದಲ್ಲಿ ಹೋದರೆ ಸ್ಟೀಲಿನ ಕಣಗಳು ಟೂಲಿನ ತುದಿಗೆ ಬೆಸೆದು ಗುಡ್ಡೆಯಾಗುತ್ತವೆ. ಗುಡ್ಡೆ ಒಡೆದಾಗಲೆಲ್ಲ ಚೂರುಗಳು ಜಾಬಿಗೆ ಮೆತ್ತಿಕೊಳ್ಳುತ್ತವೆ. ಪುಸ್ತಕದ ಮೂರನೇ ಬಗೆಯ ಚಿಪ್ ಅದೇ. ಅದು ನನ್ನ ಮುಂದೆಯೇ ಹುಟ್ಟುತ್ತಿತ್ತು, ನಾನು ಮಾತ್ರ ಮೈಕ್ರೋಮೀಟರ್ ನೋಡುತ್ತಿದ್ದೆ.

ಮೈಕ್ರೋಮೀಟರ್ ಹೇಳಿದ್ದೂ ಒಳ್ಳೆಯ ಸುದ್ದಿಯಲ್ಲ. ಚಕ್ಕಿನ ಹತ್ತಿರ ಸರಿ, ಟೇಲ್‌ಸ್ಟಾಕಿನ ಹತ್ತಿರ ಸರಿ, ನಡುವೆ 30 ಮೈಕ್ರಾನ್ ದಪ್ಪ. ದಪ್ಪ ಮೂತಿಯ ಟೂಲು ತನ್ನ ದುಂಡಿಗಿಂತ ಕಡಿಮೆ ಆಳಕ್ಕೆ ಇಳಿದರೆ ಬಲದ ಬಹುಪಾಲು ಜಾಬನ್ನು ಪಕ್ಕಕ್ಕೆ ದೂಡುವುದಕ್ಕೇ ಹೋಗುತ್ತದೆ. ಉದ್ದನೆಯ ಶಾಫ್ಟು ನಡುವೆ ಬಳುಕಿ ಟೂಲಿನಿಂದ ತಪ್ಪಿಸಿಕೊಳ್ಳುತ್ತದೆ. ಅಣ್ಣ ದೂಡುತ್ತೆ ಅಂದದ್ದು ಇದನ್ನೇ. ನಾನು ಬಾರ್ ಸಪ್ಲೈ ಮಾಡಿದವರಿಗೆ ಫೋನ್ ಮಾಡಿ ನಿಮ್ಮ ಮೆಟೀರಿಯಲ್ಲೇ ಸರಿಯಿಲ್ಲ ಅಂತ ಕೂಗಾಡಿದೆ. ಕೂಲೆಂಟ್ ಬದಲಾಯಿಸಿದೆ. ಆಪರೇಟರ್ ಹುಡುಗನಿಗೆ ಟೇಲ್‌ಸ್ಟಾಕ್ ಬಿಗಿ ಮಾಡಲು ಬರಲ್ಲ ಅಂತ ಎಲ್ಲರೆದುರು ಅಂದೆ.

ಚಿಪ್ ವಿಚಾರ ಇನ್ನೂ ಹೇಳಿಲ್ಲ. ಅಷ್ಟು ತೆಳು ಕಟ್ಟಿನಲ್ಲಿ ಬರುವ ಚಿಪ್ಪು ಮುರಿಯುವುದೇ ಇಲ್ಲ. ತೆಳ್ಳಗೆ, ಉದ್ದಕ್ಕೆ, ಹರಿತವಾದ ಎಳೆಯಾಗಿ ಬಂದು ಶಾಫ್ಟಿಗೆ ಸುತ್ತಿಕೊಂಡು, ಚಕ್ಕಿಗೆ ಸುತ್ತಿಕೊಂಡು, ತಿರುಗುವಾಗ ಆಗಷ್ಟೇ ತೆಗೆದ ಮೇಲ್ಮೈಯನ್ನು ಗೀರುತ್ತ ಹೋಗುತ್ತಿತ್ತು. ಒಂದೆರಡು ಪೀಸಿಗೊಮ್ಮೆ ಮೆಷೀನ್ ನಿಲ್ಲಿಸಿ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಹೆಲ್ಪರ್ ಹುಡುಗ ಹೀಗೆ ತೆಗೆಯುವಾಗ ಗಂಟು ಬಿಡಲಿಲ್ಲ. ಹಿಂದಿನಿಂದ ನಾನು ಬೇಗ ಬೇಗ ಅನ್ನುತ್ತಿದ್ದೆ. ಅವನು ಕೊಕ್ಕೆ ಬಿಟ್ಟು ಕೈ ಹಾಕಿದ. ಬಟ್ಟೆಯ ಗ್ಲೌಸಿನ ಸಮೇತ ಅಂಗೈ ಕೊಯ್ದುಹೋಯಿತು. ಹೊಲಿಗೆ ಹಾಕಿಸಿಕೊಂಡು ಬಂದೆವು. ಅಂದು ಸಂಜೆ ರಿಜಿಸ್ಟರಿನಲ್ಲಿ ಕಾರಣದ ಕಾಲಮಿನಲ್ಲಿ ನಾನೇ ಬರೆದೆ: ಅಜಾಗರೂಕತೆ. ಯಾರದು ಅಂತ ಬರೆಯಲಿಲ್ಲ. ಓದಿದವರು ಹುಡುಗನದು ಅಂತಲೇ ತಿಳಿಯುತ್ತಾರೆ ಅನ್ನುವುದು ಬರೆಯುವಾಗಲೇ ಗೊತ್ತಿತ್ತು. ಕೆಟ್ಟ ಶಾಫ್ಟುಗಳಿಗಾಗಿ ಆಮೇಲೆ ಬಂದ ಡೆಬಿಟ್ ನೋಟುಗಳನ್ನು ಮರೆತಿದ್ದೇನೆ, ಆ ಕಾಲಮ್ ಮರೆತಿಲ್ಲ.

ಮರುದಿನವೋ ಅದರ ಮಾರನೆಯ ದಿನವೋ ಗ್ರಾಹಕರ ಕಡೆಯ ಕ್ವಾಲಿಟಿ ಇನ್‌ಸ್ಪೆಕ್ಟರ್ ಬಂದರು. ಶಾಫ್ಟುಗಳನ್ನು ನೋಡಿ ಹೆಚ್ಚೇನೂ ಹೇಳಲಿಲ್ಲ, ಪಕ್ಕಕ್ಕೆ ಎತ್ತಿಡುತ್ತ ಹೋದರು. ಪಕ್ಕದ ರಾಶಿ ಬೆಳೆಯುತ್ತಿರುವಾಗ ಮಾತು ತಿರುಗಿಸೋಣ ಅಂತ ಟೀ ತರಿಸಿ ಆಫೀಸಿನಲ್ಲಿ ಕೂರಿಸಿದೆ. ಅವರ ಕಣ್ಣು ನನ್ನ ಸುರುಳಿಯ ಮೇಲೆ ಬಿತ್ತು.

"ಇದನ್ನ ಯಾಕೆ ಇಲ್ಲಿಟ್ಟಿದೀರ ಸಾರ್?"

"ನಮ್ಮ ಮೆಷೀನಿಂದೇ ಸಾರ್. ನೋಡಿ, ಎಲ್ಲೂ ಕಡಿದಿಲ್ಲ."

ಅವರು ಟೀ ಲೋಟ ಕೆಳಗಿಟ್ಟು ನಗದೆ ಕೇಳಿದರು: "ಕಡೀಲಿ ಅಂತ ತಾನೆ ಇನ್ಸರ್ಟ್ ಮೇಲೆ ಗ್ರೂವ್ ಕೊಟ್ಟಿರೋದು?"

ಬಾಗಿಲಲ್ಲಿ ಅಣ್ಣ ನಿಂತಿದ್ದರು, ಯಾವುದೋ ಡ್ರಾಯಿಂಗ್ ಹಿಡಿದುಕೊಂಡು. ಅವರು ನಕ್ಕಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಕೆಲಸಕ್ಕಿರುವವರು ನಮ್ಮ ಮರ್ಯಾದೆ ಉಳಿಸಲು ಕ್ಯಾಲೆಂಡರ್ ನೋಡುವ ಸ್ಥಿತಿ ಯಾವ ಮಾಲೀಕನಿಗೂ ಬರಬಾರದು. ಇನ್‌ಸ್ಪೆಕ್ಟರ್ ಹೋದ ಮೇಲೆ ಸುರುಳಿಯನ್ನು ಸ್ಕ್ರ್ಯಾಪ್ ಡ್ರಮ್ಮಿಗೆ ಹಾಕಲು ಹೋದರೆ ಅಲ್ಲೂ ಅದರದೇ ಬಂಧುಬಳಗ ತುಂಬಿ ಹೊರಗೆ ಚೆಲ್ಲುತ್ತಿತ್ತು. ಉದ್ದ ಚಿಪ್ಪಿನ ಡ್ರಮ್ಮು ಬೇಗ ತುಂಬುತ್ತದೆ, ತೂಗಿದರೆ ಏನೂ ಇರುವುದಿಲ್ಲ. ಗುಜರಿಯವನೂ ಅದಕ್ಕೆ ಮೂಗು ಮುರಿಯುತ್ತಾನೆ.

"ಏನ್ ಮಾಡೋಣ ಅಣ್ಣ?" ಅಂತ ಕೇಳಿದೆ. ಅದನ್ನು ಕೇಳುವುದಕ್ಕೆ ಅಷ್ಟು ಶಾಫ್ಟುಗಳು ಬೇಕಾದವು.

"ಟೂಲಿಗೆ ಕಚ್ಚಕ್ಕೆ ಏನಾದ್ರೂ ಕೊಡಿ ಸಾರ್. ಇಷ್ಟೊತ್ತೂ ಬರೀ ನೆಕ್ಕಿಸ್ತಾ ಇದ್ರಿ."

ಸಣ್ಣ ಮೂತಿಯ ಇನ್ಸರ್ಟ್, ಹೋಲ್ಡರ್ ತರಿಸಿದೆವು. ಕೊನೆಯ ಪಾಸಿಗೆ ಅಣ್ಣ ಮಗ್ಗುಲಿಗೆ 0.5 ಉಳಿಸಿದರು, ಮೂತಿಯ 0.4ಕ್ಕಿಂತ ತುಸು ಹೆಚ್ಚು. ಫೀಡ್ 0.12. ಸ್ಪೀಡು 2400, ಅಂದರೆ ನಿಮಿಷಕ್ಕೆ ಸುಮಾರು 150 ಮೀಟರ್. ಮೂರೂ ಅಂಕಿ ಏರಿದ್ದು ಕಂಡು ನನ್ನ ಹೊಟ್ಟೆ ಕಲಸಿತು. ನನ್ನದೇ ಸೂತ್ರಕ್ಕೆ ಹಾಕಿ ನೋಡಿದರೆ ಏರುತಗ್ಗು 4.5 ಮೈಕ್ರಾನ್, ಅದನ್ನು ಆರ್‌ಎಗೆ ತಂದರೆ 1.2ರ ಸುಮಾರು. ಡ್ರಾಯಿಂಗ್ ಕೇಳಿದ್ದು 1.6. ಅಂದರೆ ಲೆಕ್ಕವೂ ಮೊದಲಿನಿಂದ ಅಣ್ಣನ ಪರವಾಗಿಯೇ ಇತ್ತು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ನುಣುಪು ಕೇಳಿ, ಬೇಕಾದಷ್ಟನ್ನೂ ಕಳೆದುಕೊಂಡವನು ನಾನು. ಮೆಷೀನ್ ಓಡಿತು. ಕೀರಲು ಇಲ್ಲ. ಟ್ರೇಯಲ್ಲಿ ಟಪಟಪ ಬೀಳುತ್ತಿದ್ದವು ಗಿಡ್ಡ ಚಿಪ್ಪುಗಳು. ನಮ್ಮ ಕಡೆ 6-9 ಚಿಪ್ ಅಂತಾರೆ, ಇಂಗ್ಲಿಷ್ ಅಂಕಿಗಳ ಆಕಾರದಲ್ಲಿ ಬಾಗಿ ಮುರಿದವು. ನಾನು ಒಂದು ಪಾಸಿಗೆ ಆರು ನಿಮಿಷ ತಗೊಳ್ಳುತ್ತಿದ್ದೆ, ಅದು 40 ಸೆಕೆಂಡಿನೊಳಗೆ ಮುಗಿಯಿತು.

ಅಂದು ರಾತ್ರಿ ಶೆಡ್ಡಿನಲ್ಲಿ ಕೂತು ಹಳೆಯ ಇನ್ಸರ್ಟಿನ ಡಬ್ಬಿ ಹುಡುಕಿದೆ. ಅದರಲ್ಲಿ ಸ್ಟೇಪ್ಲರ್ ಪಿನ್ನು ತುಂಬಿಟ್ಟಿದ್ದೆ. ಮುಚ್ಚಳದ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು: ಫೀಡ್ ಎಷ್ಟರಿಂದ ಎಷ್ಟು, ಡೆಪ್ತ್ ಎಷ್ಟರಿಂದ ಎಷ್ಟು. ನಾನು ಓಡಿಸಿದ್ದು ಅದರ ಅತಿ ಕಡಿಮೆ ಮಿತಿಗಿಂತಲೂ ಎಷ್ಟೋ ಕೆಳಗೆ.

ಯಾಕೆ ಹಾಗೆ ಅನ್ನುವುದನ್ನು ಆಮೇಲೆ ನಿಧಾನಕ್ಕೆ, ಮಾರ್ಕ್ಸಿನ ಹಂಗಿಲ್ಲದೆ ಓದಿದೆ. ಕೊಡಲಿ ಕಟ್ಟಿಗೆ ಸೀಳಿದಂತೆ ಟೂಲು ಲೋಹವನ್ನು ಸೀಳುವುದಿಲ್ಲ. ಮುಂದಿನ ಲೋಹವನ್ನು ಅದುಮುತ್ತದೆ. ಅದುಮಿಸಿಕೊಂಡ ಲೋಹ ಒಂದು ಓರೆ ತಲದ ಮೇಲೆ ಪದರ ಪದರವಾಗಿ ಜಾರಿ ಚಿಪ್ಪಾಗಿ ಮೇಲೇಳುತ್ತದೆ. ಫಿನ್ಲೆಂಡಿನ ವೈನೋ ಪೀಸ್ಪನೆನ್ 1937ರಲ್ಲೇ ಇದನ್ನು ಇಸ್ಪೀಟು ಎಲೆಗಳ ಕಟ್ಟು ಓರೆಯಾಗಿ ಜಾರುವ ಚಿತ್ರ ಬರೆದು ವಿವರಿಸಿದ್ದರು. ಹಾಗೆ ಜಾರಿ ಬಂದ ಚಿಪ್ಪು ಕತ್ತರಿಸಿದ ಪದರಕ್ಕಿಂತ ದಪ್ಪ, ಉದ್ದದಲ್ಲಿ ಗಿಡ್ಡ. ಟೂಲಿಗೆ ಉಜ್ಜಿಕೊಂಡು ಹೋದ ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲು ಒರಟು. ರೇಕ್ ಹೆಚ್ಚಿದ್ದಷ್ಟೂ ಆ ತಲ ಕಡಿದಾಗಿ ನಿಲ್ಲುತ್ತದೆ, ಚಿಪ್ಪು ತೆಳುವಾಗುತ್ತದೆ, ಬಲ ಕಡಿಮೆ ಸಾಕು. ಆದರೆ ಅಂಚು ಬಡವಾಗುತ್ತದೆ.

ಇವೆಲ್ಲ ಅಂಚು ಚೂಪಾಗಿದೆ ಎಂದು ಭಾವಿಸಿ ಹೇಳಿದ ಮಾತು. ಕಾರ್ಬೈಡ್ ಇನ್ಸರ್ಟಿನ ಅಂಚನ್ನು ಒಡೆಯದಿರಲಿ ಅಂತ ಬೇಕೆಂದೇ ತುಸು ದುಂಡು ಮಾಡಿರುತ್ತಾರೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎರಡು, ಮೂರು, ನಾಲ್ಕರಷ್ಟು. ನಾನು 0.2 ಡೆಪ್ತಿನಲ್ಲಿ 0.05 ಫೀಡ್ ಕೊಟ್ಟಾಗ, 0.8ರ ದುಂಡು ಮೂತಿಯ ಸುತ್ತ ಹರಡಿಕೊಂಡ ಪದರದ ದಪ್ಪ ಎಲ್ಲೂ 0.03ರ ಆಸುಪಾಸು ದಾಟಿರಲಿಕ್ಕಿಲ್ಲ, ಹೆಚ್ಚಿನ ಕಡೆ ಅದರ ಅರ್ಧ. ಅಂದರೆ ಕತ್ತರಿಸಬೇಕಾದ ಪದರ ಕತ್ತರಿಸುವ ಅಂಚಿನ ದುಂಡಿಗಿಂತ ತೆಳು. ಇನ್ಸರ್ಟಿನ ಮೇಲೆ ಅಷ್ಟು ಯೋಚಿಸಿ ತೆಗೆದ ಇಳಿಜಾರು, ಗ್ರೂವು ಯಾವುದನ್ನೂ ಆ ಚಿಪ್ಪು ಮುಟ್ಟಲೇ ಇಲ್ಲ. 304 ತಿಕ್ಕಿಸಿಕೊಂಡಿತು, ಗಟ್ಟಿಯಾಯಿತು, ಮುಂದಿನ ಸುತ್ತಿಗೆ ಇನ್ನೂ ಹಟ ಹಿಡಿಯಿತು. ನೆಕ್ಕಿಸುವುದು ಅಂತ ಅಣ್ಣ ಅಂದದ್ದಕ್ಕಿಂತ ಕರಾರುವಾಕ್ಕಾದ ವಿವರಣೆ ಯಾವ ಹ್ಯಾಂಡ್‌ಬುಕ್ಕಿನಲ್ಲೂ ನನಗೆ ಸಿಕ್ಕಿಲ್ಲ.

ಫ್ರೆಡರಿಕ್ ಟೇಲರ್ 26 ವರ್ಷ ಪ್ರಯೋಗ ಮಾಡಿ, ಎಂಟು ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ, ಉಕ್ಕನ್ನು ಚಿಪ್ಪು ಮಾಡಿ, 1906ರಲ್ಲಿ ಲೋಹ ಕತ್ತರಿಸುವ ಕಲೆಯ ಬಗ್ಗೆ ಪ್ರಬಂಧ ಮಂಡಿಸಿದ. ಯಾವ ಟೂಲು, ಯಾವ ಸ್ಪೀಡು, ಯಾವ ಫೀಡು ಎಂಬ ಮೂರು ಪ್ರಶ್ನೆಗಾಗಿ ಅಷ್ಟು ಉಕ್ಕು. ಟರ್ನರುಗಳ ಊಹೆಯ ಜಾಗದಲ್ಲಿ ಸ್ಲೈಡ್ ರೂಲ್ ತರುವುದು ಅವನ ಉದ್ದೇಶವಾಗಿತ್ತು. ಒಳ್ಳೆಯದೇ. ನನ್ನ ಕೈಯಲ್ಲೂ ಸ್ಲೈಡ್ ರೂಲಿಗಿಂತ ದೊಡ್ಡದೇ ಇತ್ತು. ಆದರೆ ಟೇಲರ್ ಚಿಪ್ಪು ನೋಡಿ ಲೆಕ್ಕಕ್ಕೆ ಹೋದವನು. ನಾನು ಲೆಕ್ಕ ನೋಡಿ ಚಿಪ್ಪಿನ ಕಡೆ ಬೆನ್ನು ಹಾಕಿದವನು.

ಕೆಲವೊಮ್ಮೆ ಅನಿಸುತ್ತದೆ, ನನಗೆ ಆಗ ಇದ್ದದ್ದು ಅಜ್ಞಾನವೂ ಅಲ್ಲ, ಪುಕ್ಕಲು. ಹೆಚ್ಚು ಆಳ, ಹೆಚ್ಚು ಫೀಡು ಅಂದರೆ ಜಾಬ್ ಕೆಟ್ಟರೆ ನಾನೇ ಕೆಡಿಸಿದ ಹಾಗೆ. ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ತೆಗೆದು ಕೆಟ್ಟರೆ ಬಾರು ಸರಿಯಿಲ್ಲ, ಕೂಲೆಂಟು ಸರಿಯಿಲ್ಲ, ಹುಡುಗ ಸರಿಯಿಲ್ಲ. ಮಾಡುವ ಕೆಲಸದಲ್ಲಿ ಅಷ್ಟು ಮೆದುವಾಗಿದ್ದವನು ಜನರ ಮೇಲೆ ಮಾತ್ರ ಪೂರ್ತಿ ಡೆಪ್ತಿನಲ್ಲೇ ಇಳಿಯುತ್ತಿದ್ದೆ. ರಿಜಿಸ್ಟರಿನ ಆ ಕಾಲಮನ್ನು ಆಮೇಲೆ ತಿದ್ದಿದೆ, ಪಕ್ಕದಲ್ಲಿ ಸಹಿ ಹಾಕಿ. ಹುಡುಗನಿಗೆ ತೋರಿಸಿದೆ. ಅವನು ಓದಿ, "ಇರ್ಲಿ ಬಿಡಿ ಸಾರ್" ಅಂದ. ಆಗಲೇ ಬೇರೆ ಶೆಡ್ಡಿನಲ್ಲಿ ಮಾತಾಡಿಕೊಂಡಿದ್ದ. ತಿಂಗಳ ಕೊನೆಗೆ ಹೋದ.

ಇಷ್ಟೆಲ್ಲ ಆದಮೇಲೆ ತಪ್ಪು ಮಾಡುವುದು ನಿಂತಿತು ಅಂತಲ್ಲ. ಅಲ್ಯುಮಿನಿಯಂ ಜಾಬಿಗೆ ಇದೇ ಧೈರ್ಯ ತೋರಿಸಹೋಗಿ, ಸ್ಟೀಲಿನ ಇನ್ಸರ್ಟಲ್ಲೇ ಎಳೆದು, ತುದಿಗೆ ಲೋಹ ಮೆತ್ತಿಸಿಕೊಂಡೆ. ಅದಕ್ಕೆ ಹೆಚ್ಚು ರೇಕಿನ, ಪಾಲಿಶ್ ಮಾಡಿದ, ನಿಜಕ್ಕೂ ಚೂಪಾದ ಅಂಚೇ ಬೇಕು. ಆ ಸಲ ಒಂದೇ ಪೀಸಿಗೆ ನಿಲ್ಲಿಸಿ ಟ್ರೇಗೆ ಕೈ ಹಾಕಿದೆ, ಕೊಕ್ಕೆಯಿಂದ.

ಅಣ್ಣ ಈಗ ಊರಲ್ಲಿ ತೋಟ ನೋಡಿಕೊಂಡಿದ್ದಾರೆ. ಹಳೆಯ ಲೇತ್ ಇನ್ನೂ ಇದೆ, ಗ್ರೈಂಡರೂ ಇದೆ. ಬಿಟ್ಟಿಗೆ ಕೋನ ಕೊಡಲು ನಾನು ಕಲಿಯುತ್ತಿದ್ದೇನೆ, ಎರಡು ಸಲ ಒಂದೇ ಕೋನ ಬಂದ ದಾಖಲೆ ಇಲ್ಲ. ಮೊನ್ನೆ ಒಬ್ಬರು ಡುಪ್ಲೆಕ್ಸ್ ಸ್ಟೇನ್‌ಲೆಸ್ ಜಾಬಿಗೆ ಕೊಟೇಶನ್ ಕೇಳಿದರು. ನಾನು ತಿರುಗಿಸಿದ ಮೆಟೀರಿಯಲ್ ಅಲ್ಲ. ಮೊದಲು ಒಂದಡಿ ಬಾರ್ ಕಳಿಸಿ, ತಿರುಗಿಸಿ ಚಿಪ್ ನೋಡಿ ರೇಟ್ ಹೇಳುತ್ತೇನೆ ಅಂತ ಬರೆದೆ. ಅವರ ಪರ್ಚೇಸಿನವರಿಗೆ ಇದು ಹಿಡಿಸಿದ ಹಾಗಿಲ್ಲ. ಬಾರೂ ಬಂದಿಲ್ಲ, ಉತ್ತರವೂ ಬಂದಿಲ್ಲ.